ಬೂದು ಕೋಟಿನ ಪಕ್ಕದ ಹೊಲಿಗೆ

ಇಪ್ಪತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದ ಗೆರೆ ಹಿಡಿದು ಒಂದೇ ಸಮನೆ ಕತ್ತರಿ ಓಡಿಸುವ ಕೈ ಅವಳದು. ಶಾಲೆಗಳಿಗೆ, ಆಸ್ಪತ್ರೆಗಳಿಗೆ, ಬಸ್ಸಿನವರಿಗೆ ಸಮವಸ್ತ್ರ ಹೊಲಿದುಕೊಡುವ ಆ ಕಾರ್ಖಾನೆಯಲ್ಲಿ ಕತ್ತರಿಸುವ ಮೇಜು ಮೂವತ್ತೊಂದು ವರ್ಷದಿಂದ ಅವಳ ರಾಜ್ಯ. ಎಲ್ಲರಿಗೂ ಅವಳು ಕತ್ತರಿಯಕ್ಕ. ಬಸ್ಸು ಓಡಿಸಿ ನಿವೃತ್ತನಾದ ಗಂಡ ಕೂಡ, ಅವಳ ನಾಲಿಗೆ ಹರಿತವಾದ ದಿನ, ಹಾಗೆಯೇ ಕರೆಯುತ್ತಿದ್ದ.

ಅವಳು ಆ ಮೇಜಿಗೆ ಒಂದು ಪದ್ಧತಿ ತಂದಿದ್ದಳು. ಟೇಪು ಹಿಡಿದವರು ಅಳತೆಯನ್ನು ಗಟ್ಟಿಯಾಗಿ ಕೂಗಬೇಕು. ಬರೆಯುವವರು ಅದನ್ನೇ ತಿರುಗಿ ಕೂಗಿ ಬರೆಯಬೇಕು. ಎರಡು ಬಾಯಿ ಒಪ್ಪದ ಅಳತೆಗೆ ಅವಳು ಬಟ್ಟೆ ಕತ್ತರಿಸುತ್ತಿರಲಿಲ್ಲ. ಯಜಮಾನನೇ ಬಂದು ಅವಸರ ಮಾಡಿದರೂ ಅಷ್ಟೆ.

ಎರಡು ವರ್ಷದ ಹಿಂದೆ ಅವಳ ಎಡ ಎದೆಯ ಗಡ್ಡೆಯನ್ನು ಎದೆಯ ಸಮೇತ ತೆಗೆದರು. ಆರು ಸಲ ಕೀಮೋ ಕೊಟ್ಟರು. ಕೀಮೋ ಜೊತೆ ನುಂಗಿದ ಸ್ಟೆರಾಯ್ಡ್ ಮಾತ್ರೆಗಳು ಹಸಿವನ್ನು ಕೆರಳಿಸಿದವು. ರಕ್ತದ ಸಕ್ಕರೆ ಇನ್ನೂರರವತ್ತಕ್ಕೆ ಏರಿತು, ತೂಕ ಹನ್ನೊಂದು ಕಿಲೋ ಹೆಚ್ಚಿತು. ಮುಖ ದುಂಡಗಾಯಿತು, ಕಾಲು ಊದಿತು. ನೋಡಲು ಬಂದವರು ಕೇಕಿನ ಡಬ್ಬಿ ಮಂಚದ ಮೇಲಿಟ್ಟು, ಅವಳ ಕೆನ್ನೆ ಸವರಿ ಸಂತೋಷಪಟ್ಟರು.

"ಈಗ ನೋಡು, ಮೈ ತುಂಬ್ಕೊಂಡಿದ್ದೀಯ. ಕಾಯಿಲೆ ಹೋಯ್ತು ಅಂತಾನೇ ಲೆಕ್ಕ" ಎಂದಳು ನಾದಿನಿ.

"ತುಂಬ್ಕೊಳ್ಳೋಕೆ ನಾನೇನು ನೀರಿನ ಟ್ಯಾಂಕಾ? ಇದು ಮಾತ್ರೆ ಊದಿಸಿರೋದು. ಆ ಡಬ್ಬಿ ವಾಪಸ್ ತಗೊಂಡ್ಹೋಗು."

ನಾದಿನಿ ಆರು ವಾರ ಮಾತು ಬಿಟ್ಟಳು. ಕತ್ತರಿಯಕ್ಕ ಅದನ್ನು ಚಿಕಿತ್ಸೆಯಿಂದ ಸಿಕ್ಕ ಲಾಭಗಳಲ್ಲಿ ಒಂದೆಂದು ಎಣಿಸಿದಳು.

ಕೀಮೋ ಮುಗಿದು ಕೆಲಸಕ್ಕೆ ಮರಳಿದಾಗ ಅವಳ ಬೂದು ಕೋಟು ಮೈಗೆ ಹಿಡಿಸಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಬಟ್ಟೆಯ ಮೇಲೆ ತೊಡುವ ಕೋಟು ಅದು. ಮೊಳೆಗೆ ನೇತುಹಾಕಿ ಮನೆಗೆ ಹೋಗುತ್ತಾರೆ, ಶನಿವಾರ ಅಲ್ಲೇ ಒಗೆಯಲು ಬೀಳುತ್ತದೆ, ಸೋಮವಾರ ಇಸ್ತ್ರಿಯಾಗಿ ಮತ್ತೆ ಮೊಳೆಗೆ ಬರುತ್ತದೆ. ಅವಳು ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯೆಲ್ಲ ಹೊರಬರುವವರೆಗೆ ಅಗಲ ಮಾಡಿಕೊಂಡಳು. ಆದರೂ ಮೂರನೆಯ ಗುಂಡಿ ಎಳೆಯುತ್ತಿತ್ತು.

ಆಸ್ಪತ್ರೆಯಲ್ಲಿ ಊಟದ ವಿಷಯ ಹೇಳಿಕೊಡಲು ಒಬ್ಬಳು ಇದ್ದಳು. ರೋಗಿಗಳೆಲ್ಲ ಅವಳನ್ನು ಊಟದ ಮೇಡಂ ಎನ್ನುತ್ತಿದ್ದರು. ಅವಳು ಕಾಗದದ ಮೇಲೆ ಒಂದು ತಟ್ಟೆ ಬರೆದು ಗೆರೆ ಎಳೆದಳು. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಮೊಟ್ಟೆಯೋ ಮೀನೋ ಕಾಳೋ. ಉಳಿದ ಕಾಲು ಭಾಗದಲ್ಲಿ ಒಂದು ಹಿಡಿಯಷ್ಟೇ ಅನ್ನ ಅಥವಾ ಒಂದೇ ಹೋಳು ಬ್ರೆಡ್ಡು. ಸಕ್ಕರೆ, ಬಿಸ್ಕತ್ತು, ಹಣ್ಣಿನ ರಸ ಬೇಡ.

"ವಾರಕ್ಕೆ ಅರ್ಧ ಕಿಲೋ ಇಳಿದ್ರೆ ಸಾಕು. ಅದಕ್ಕಿಂತ ಬೇಗ ಬೇಡ. ಊಟ ಇನ್ನೂ ಕಡಿಮೆ ಮಾಡ್ಬೇಕು ಅನ್ನಿಸಿದ್ರೆ ಮೊದಲು ನನಗೆ ಫೋನ್ ಮಾಡಿ. ಸಕ್ಕರೆ ಕಾಯಿಲೆಗೆ ಕೊಟ್ಟಿರೋ ಮಾತ್ರೆನೂ ಜೊತೆಗೇ ಕಡಿಮೆ ಮಾಡ್ಬೇಕಾಗುತ್ತೆ" ಎಂದಳು.

"ಮಹಡಿ ಮೇಲಿನ ಮನೆಯವರು ಫೋನಲ್ಲಿ ಏನೋ ತೋರಿಸಿದ್ರು. ಸಕ್ಕರೆ ಪೂರಾ ನಿಲ್ಲಿಸಿದ್ರೆ ಗಡ್ಡೆ ಹಸಿವಿಂದ ಸತ್ತೋಗುತ್ತಂತೆ, ಮಾತ್ರೆನೂ ಬೇಡವಂತೆ."

"ಅವರೇನು ಡಾಕ್ಟರಾ?"

"ಅಂಚೆ ಕಚೇರೀಲಿ ಗುಮಾಸ್ತರಾಗಿದ್ರು."

"ಹಾಗಾದ್ರೆ ಕಾಗದ ಬಂದ್ರೆ ಅವರನ್ನ ಕೇಳಿ. ಈ ಊಟ ಗಡ್ಡೆಗಲ್ಲ, ನಿಮ್ಮ ಸಕ್ಕರೆಗೆ, ನಿಮ್ಮ ಮೊಣಕಾಲಿಗೆ, ನಿಮ್ಮ ಹೃದಯಕ್ಕೆ."

ಈ ಮಾತು ಕತ್ತರಿಯಕ್ಕನಿಗೆ ಹಿಡಿಸಿತು. ಮರುದಿನವೇ ಕಂದು ಕಾಗದದಲ್ಲಿ ತಟ್ಟೆಯಷ್ಟೇ ಅಗಲದ ವೃತ್ತ ಕತ್ತರಿಸಿ, ಗೆರೆ ಹಾಕಿ, ಅಂಗಿಯ ತೋಳು, ಕಾಲರಿನ ಮಾದರಿಗಳು ತೂಗುತ್ತಿದ್ದ ಮೊಳೆಗೇ ಸಿಕ್ಕಿಸಿದಳು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅದನ್ನು ಪಕ್ಕಕ್ಕಿಟ್ಟು ನೋಡಿಕೊಂಡು ಬಡಿಸಿಕೊಳ್ಳುವಳು. ನಕ್ಕವರಿಗೆ ಹೇಳಿದಳು:

"ನಗ್ರಿ, ನಗ್ರಿ. ಈ ಕೋಟು ಮತ್ತೆ ಮೊದಲಿನ ಹಾಗೆ ಸಡಿಲ ಆಗೋವರೆಗೂ ಈ ಮಾದರಿ ಇಳಿಸಲ್ಲ."

ಕೋಟೇ ಯಾಕೆ ಎಂದು ಯಾರೂ ಕೇಳಲಿಲ್ಲ. ಸಾವಿರಾರು ಎದೆಗಳ ಸುತ್ತ ಟೇಪು ಸುತ್ತಿದವಳು ಆಪರೇಷನ್ ಆದಮೇಲೆ ಒಮ್ಮೆಯೂ ತನ್ನ ಮೈಗೆ ಟೇಪು ಹಿಡಿದಿರಲಿಲ್ಲ. ಸ್ನಾನದ ಮನೆಯ ಕನ್ನಡಿಗೆ ಟವೆಲು ಹೊದಿಸಿಟ್ಟಿದ್ದಳು. ಮನೆಯಲ್ಲಿ ಉಡುವುದೆಲ್ಲ ಲಾಡಿಯದು, ಎಲಾಸ್ಟಿಕ್ಕಿನದು, ಮೈ ಹೇಗಿದ್ದರೂ ತಾನೇ ಹೊಂದಿಕೊಳ್ಳುವಂಥದ್ದು. ತೂಕ ನೋಡುತ್ತಿದ್ದುದು ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ. ಹೀಗಾಗಿ ಅವಳ ಮೈಯ ಸುದ್ದಿ ಅವಳಿಗೆ ಹೇಳಲು ಉಳಿದಿದ್ದು ಆ ಕೋಟು ಒಂದೇ.

ಮೊದಲ ತಿಂಗಳು ಎಲ್ಲ ನೆಟ್ಟಗಿತ್ತು. ಬೆಳಗ್ಗೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇಳಿಯುತ್ತಿತ್ತು: ನೂರೆಂಬತ್ತು, ನೂರೈವತ್ತು, ನೂರಿಪ್ಪತ್ತು. ಗಂಡ ಜೊತೆ ಕೊಡುತ್ತೇನೆಂದು ತಾನೂ ಬಿಸ್ಕತ್ತು ಬಿಟ್ಟ. ಅವನ ಸ್ಪ್ಯಾನರುಗಳ ಪೆಟ್ಟಿಗೆಗೆ ಇರುವೆ ಹತ್ತಿದಾಗ ಬಿಸ್ಕತ್ತಿನ ಪೊಟ್ಟಣ ಹೊರಬಂತು.

"ಇದೇನ್ರೀ, ಇಷ್ಟು ವರ್ಷ ಬಸ್ಸು ರಿಪೇರಿ ಮಾಡಿದ್ದು ಇದರಲ್ಲೇನಾ?" ಎಂದಳು. ಅವನು ಪೆಟ್ಟಿಗೆ ಮುಚ್ಚಿ ಹಿತ್ತಲಿಗೆ ಹೋದ.

ಆದರೆ ಕೋಟು ಸಡಿಲವಾಗಲಿಲ್ಲ. ಸೋಮವಾರ ಬಂದು ತೊಟ್ಟರೆ ಅದೇ ಬಿಗಿ, ಅದೇ ಮೂರನೆಯ ಗುಂಡಿಯ ಎಳೆತ. ನೆರೆಯವರು, ಇಳಿದುಹೋಗಿದ್ದೀಯ ಎಂದರೆ ಅವಳಿಗೆ ರೇಗುತ್ತಿತ್ತು. ಮೊದಲು ತುಂಬಿಕೊಂಡಿದ್ದೀಯ ಎಂದು ಕೆನ್ನೆ ಸವರಿದ ಬಾಯಿಗಳೇ ಅಲ್ಲವೆ ಇವು? ಜನ ಏನಾದರೂ ಅನ್ನಲಿ, ಬಟ್ಟೆ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಮೂವತ್ತೊಂದು ವರ್ಷದ ನಂಬಿಕೆ.

ಎರಡನೆಯ ತಿಂಗಳು ಅವಳು ಕಂದು ಕಾಗದದ ತಟ್ಟೆಯಿಂದ ಅನ್ನದ ಕಾಲು ಭಾಗವನ್ನು ಕತ್ತರಿಸಿ ತೆಗೆದಳು. ಫೋನು ಮಾಡಲಿಲ್ಲ. ಹೇಳಿದ ಹಾಗೆ ಮಾಡಿಯೂ ಇಳಿದಿಲ್ಲ ಎಂದು ಹೇಳಲು ನಾಚಿಕೆ. ಮತ್ತೆರಡು ವಾರಕ್ಕೆ ಮೊಟ್ಟೆಯ ಭಾಗವನ್ನೂ ಅರ್ಧ ಮಾಡಿದಳು. ಕೊನೆಗೆ ಮಾದರಿ ಕಡಿದುಬಿಟ್ಟ ಚಂದ್ರನಂತೆ ತೂಗುತ್ತಿತ್ತು. ಎರಡು ಬಗೆಯ ಸಕ್ಕರೆ ಮಾತ್ರೆಗಳನ್ನು ಮಾತ್ರ ಮೊದಲಿನಂತೆಯೇ ನುಂಗುತ್ತಿದ್ದಳು. ಬೆಳಗಿನ ಅಂಕಿ ತೊಂಬತ್ತು ತೋರಿಸಿದರೆ ಹಿಗ್ಗುವಳು. ಕೋಟು ತೊಡುವಾಗ ಆ ಹಿಗ್ಗು ಇಳಿದುಹೋಗುವುದು.

ಕತ್ತರಿ ಭಾರವಾಗತೊಡಗಿತು. ಇಪ್ಪತ್ತು ಪದರಕ್ಕೆ ಕತ್ತರಿ ಗೆರೆ ಬಿಟ್ಟು ಸರಿದಾಗ ಹನ್ನೆರಡು ಪದರ ಹಾಸಿದಳು. ವಯಸ್ಸು ಎಂದುಕೊಂಡಳು. ಮೇಜು ಬಿಟ್ಟುಕೊಡುವ ದಿನ ಬಂತೇನೋ ಎಂದು ಮೊದಲ ಸಲ ಹೆದರಿದಳು.

ಒಂದು ಬುಧವಾರ ಮಧ್ಯಾಹ್ನ ಬೆವರು ಕಿತ್ತುಕೊಂಡು ಬಂದು, ಹಾಸಿದ ಬಟ್ಟೆಯ ಮೇಲೆಯೇ ಮಗುಚಿಕೊಂಡಳು. ಕಾರ್ಖಾನೆಯ ಇಸ್ತ್ರಿಯವನು ಸಕ್ಕರೆ ಹಾಕಿದ ಚಹಾ ಕುಡಿಸಿದ. ಅವಳ ಚೀಲದಲ್ಲಿದ್ದ ಸಕ್ಕರೆಯ ಯಂತ್ರ ತೆಗೆದು ಬೆರಳು ಚುಚ್ಚಿ ನೋಡಿದರೆ ಐವತ್ತೆರಡು. ಗಂಡ ಓಡಿಬಂದು ಆಸ್ಪತ್ರೆಗೆ ಕರೆದೊಯ್ದ.

ಊಟದ ಮೇಡಂ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅಂಕಿ ನೋಡಿ, ಹಳೆಯ ಕಾಗದ ನೋಡಿ, ಮತ್ತೆ ಅಂಕಿ ನೋಡಿದಳು.

"ಮೂರು ತಿಂಗಳಿಗೆ ಆರು ಕಿಲೋ ಅಂದಿದ್ದೆ. ಹನ್ನೆರಡು ಇಳಿಸಿದ್ದೀರಿ."

"ನಿಮ್ಮ ಯಂತ್ರ ಕೆಟ್ಟಿದೆ. ನನ್ನ ಕೋಟು ಒಂದು ಕೂದಲಷ್ಟೂ ಸಡಿಲ ಆಗಿಲ್ಲ."

ಮೇಡಂ ತಾನು ಹತ್ತಿ ನಿಂತಳು. ಗಂಡನನ್ನು ಹತ್ತಿಸಿದಳು. ಯಂತ್ರ ಸರಿಯಾಗಿತ್ತು. ಆಮೇಲೆ ಅವಳ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಕೊಬ್ಬು ಮಾತ್ರ ಅಲ್ಲ, ತೋಳಿನ ಶಕ್ತಿನೂ ಕರಗಿಸ್ಕೊಂಡಿದ್ದೀರಿ. ಕತ್ತರಿ ಎತ್ತೋಕೆ ಆಗ್ತಿದೆಯಾ?"

ಡಾಕ್ಟರು ಬಂದು ನೋಡಿ ಒಂದು ಮಾತ್ರೆ ನಿಲ್ಲಿಸಿದರು. ರಕ್ತ ತೆಗೆದರು, ಸ್ಕ್ಯಾನು ಮಾಡಿದರು. ಕಾಯಿಲೆ ಮರಳಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಗಂಡ ಮೆಲ್ಲಗೆ ಹೇಳಿದ:

"ಕೋಟು ಒಂದು ಬಿಟ್ಟು ಊರೆಲ್ಲ ಹೇಳ್ತಿತ್ತಲ್ಲೇ, ಇಳಿದಿದ್ದೀಯ ಅಂತ."

"ನೀವು ಹೇಳಿದ್ರಾ?"

"ನಾನು ಹೇಳಿದ್ರೆ ನೀನು ಬಿಸ್ಕತ್ತಿನ ಪೆಟ್ಟಿಗೆ ಮಾತು ತೆಗೀತಿದ್ದೆ."

ಮರುದಿನ ಕೆಲಸಕ್ಕೆ ಬಂದವಳೇ ಅವಳು ಕೋಟನ್ನು ಮೊಳೆಯಿಂದ ತೆಗೆದು ಒಳಮೈ ಹೊರಗೆ ಮಾಡಿದಳು. ಪಕ್ಕದಲ್ಲಿ ಅವಳ ಹೊಲಿಗೆಯ ಜೊತೆಗೆ ಇನ್ನೂ ಐದು ಸಾಲು. ಒಂದರ ಪಕ್ಕಕ್ಕೊಂದು, ಉಗುರಿನಗಲ ಅಂತರದಲ್ಲಿ, ಎರಡೂ ಕಡೆ. ಅವಳು ಬಿಚ್ಚಿ ಅಗಲ ಮಾಡಿದ್ದ ಬಟ್ಟೆಯನ್ನೆಲ್ಲ ಯಾರೋ ಸಾಲು ಸಾಲಾಗಿ ಮತ್ತೆ ಒಳಗೆ ತೆಗೆದುಕೊಂಡಿದ್ದರು. ಪ್ರತಿ ಸಾಲಿನ ತುದಿಯಲ್ಲಿ ಯಂತ್ರ ಮೂರು ಸಲ ಹಿಂದೆ ಮುಂದೆ ಓಡಿತ್ತು; ಅದರ ಮೇಲೆ ಕೈಯಲ್ಲಿ ಹಾಕಿದ ಒಂದು ಗಂಟು. ಆ ಕಾರ್ಖಾನೆಯಲ್ಲಿ ಹಾಗೆ ಗಂಟು ಹಾಕುವವರು ಒಬ್ಬರೇ. ಗುಂಡಿಯ ಕಾಜಾ ತೆಗೆಯುವ, ಎಲ್ಲರೂ ಕಾಜಾ ಎಂದೇ ಕರೆಯುವ, ಇಪ್ಪತ್ತಾರು ವರ್ಷದ ಗೆಳತಿ. ಕೀಮೋ ದಿನಗಳಲ್ಲಿ ವಾಂತಿಯ ಬಟ್ಟಲು ಹಿಡಿದು ಕೂತವಳು.

ಕತ್ತರಿಯಕ್ಕ ಕೋಟನ್ನು ಮೇಜಿನ ಮೇಲೆ ಎಸೆದಳು.

"ಯಾರ ಹೊಲಿಗೆ ಇದು?"

ಯಂತ್ರಗಳು ಒಂದೊಂದಾಗಿ ನಿಂತವು.

"ಕೇಳ್ತಿರೋದು ಮರ್ಯಾದೆಗೆ. ಯಾರದು ಅಂತ ನಂಗೊತ್ತು."

ಕಾಜಾ ಎದ್ದು ನಿಂತಳು. "ನಂದೇ ಅಕ್ಕ."

"ಎಷ್ಟು ದಿನದಿಂದ?"

"ಶನಿವಾರ ಶನಿವಾರ. ಎಲ್ಲ ಶನಿವಾರ ಅಲ್ಲ. ಸಡಿಲ ಅನ್ನಿಸಿದಾಗ ಮಾತ್ರ."

"ಎಷ್ಟು ನ್ಯಾಯವಂತೆ ನೀನು."

ಕಾಜಾ ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟಿದ್ದ ಅಂಗುಸ್ತಾನ ತೆಗೆದು ಮತ್ತೆ ಹಾಕಿಕೊಂಡಳು. "ನಮ್ಮಮ್ಮ ಇದೇ ಕಾಯಿಲೇಲಿ ಹೋಗಿದ್ದು, ಸಣ್ಣಗಾಗ್ತಾ ಆಗ್ತಾ. ಮೊದಲು ಉಂಗುರ ಜಾರ್ತು. ಆಮೇಲೆ ಗೌನು ಜೋತುಬಿತ್ತು. ಅವಳು ಗೌನು ಹಿಡಿದು ನೋಡ್ಕೊಂಡು ಅಳ್ತಿದ್ಲು. ನಿನ್ನ ಬೆನ್ನ ಮೇಲೆ ಕೋಟು ಅಲ್ಲಾಡಿದ್ದು ಕಂಡಾಗ ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ನೀನು ನೋಡೋದೇ ಬೇಡ ಅಂದ್ಕೊಂಡೆ."

"ಸಡಿಲ ಆಗ್ಲಿ ಅಂತಾನೇ ಕಾಯ್ತಿದ್ದೆ ಕಣೇ. ನಿನ್ನ ಎದುರಿಗೇ ಹೇಳಿದ್ದೆ."

"ಹೇಳಿದ್ದೆ. ನಮಗೆ ಧೈರ್ಯ ಬರ್ಲಿ ಅಂತ ಹಾಗಂತಿದ್ದೀಯ ಅಂದ್ಕೊಂಡ್ವಿ."

"ಅಂದ್ಕೊಂಡ್ವಿ? ಇನ್ಯಾರು?"

ಇಸ್ತ್ರಿಯವನು ಬಟ್ಟೆಯ ರಾಶಿಯ ಹಿಂದೆ ಕುಗ್ಗಿದ. "ಹೊಲಿಗೆ ಗುರುತು ಕಾಣ್ದ ಹಾಗೆ ಇಸ್ತ್ರಿ ಹೊಡಿ ಅಂದ್ರು, ಹೊಡೆದೆ."

ಕತ್ತರಿಯಕ್ಕನ ದನಿ ಏರಲಿಲ್ಲ. ಅದು ತಗ್ಗಿದ್ದಕ್ಕೇ ಎಲ್ಲರಿಗೂ ಹೆದರಿಕೆಯಾಯಿತು.

"ಗಿರಾಕಿ ಪ್ಯಾಂಟು ಒಂದು ಬೆರಳು ಬಿಗಿ ಮಾಡೋಕೆ ಎರಡು ಸಲ ಕೇಳ್ತೀರಿ. ನನ್ನ ಕೋಟಿಗೆ ಯಾರನ್ನ ಕೇಳಿದ್ರಿ? ದಪ್ಪಗಾದ್ರೆ ವಾಸಿಯಾದ್ಲು, ಸಣ್ಣಗಾದ್ರೆ ಹೊರಟ್ಲು. ಡಾಕ್ಟರು ಹೇಳಿದ್ದು ಬೇಡ, ನಾನು ಹೇಳಿದ್ದು ಬೇಡ, ನೀವೇ ಕೂತು ತೀರ್ಮಾನ ಮಾಡಿಬಿಟ್ರಿ. ನಾನು ಇನ್ನೂ ಕಡಿಮೆ ತಿಂದೆ. ಮೊಟ್ಟೆನೂ ಅರ್ಧ ಮಾಡಿದೆ. ಕತ್ತರಿ ಎತ್ತೋಕಾಗದ ಹಾಗೆ ಆದೆ. ಕಾಯಿಲೆ ನನ್ನ ಬಲಗೈ ಮುಟ್ಟಿರಲಿಲ್ಲ ಕಣೇ. ಅದನ್ನ ನಿನ್ನ ಪ್ರೀತಿ ಮುಟ್ತು."

ಕಾಜಾ ಅಳುತ್ತಿದ್ದಳು. ಕತ್ತರಿಯಕ್ಕ ಅವಳನ್ನು ಸಮಾಧಾನ ಮಾಡಲಿಲ್ಲ. ಕೊರಳಿಗೆ ಜೋತಿದ್ದ ಟೇಪು ತೆಗೆದು ಅವಳ ಕೈಗಿಟ್ಟಳು.

"ಹಿಡಿ."

"ಎಲ್ಲಿಗೆ?"

"ನನ್ನ ಎದೆಗೆ. ಮೊದಲ ದಿನ ನಿಂಗೆ ಹೇಳಿಕೊಟ್ಟ ಹಾಗೆ."

ಕಾಜಾಳ ಕೈ ಬಲಗಡೆಯಿಂದ ಸುತ್ತಿ ಎಡಗಡೆಯ ಸಪಾಟಿಗೆ ಬಂದಾಗ ನಿಂತಿತು. ಅಲ್ಲಿ ಟೇಪು ಬಟ್ಟೆಗೆ ತಾಗದೆ ಸೇತುವೆಯಂತೆ ನಿಂತುಬಿಟ್ಟಿತ್ತು. ಎರಡು ವರ್ಷದಿಂದ ಆ ಜಾಗವನ್ನು ಡಾಕ್ಟರುಗಳ ಕೈ ಬಿಟ್ಟರೆ ಯಾವ ಕೈಯೂ ಅಳೆದಿರಲಿಲ್ಲ, ಅವಳದೂ ಸೇರಿ.

"ಒತ್ತಿ ಹಿಡಿ. ಇದ್ದ ಹಾಗೆ ಅಳತೆ ಬೇಕು. ಕೂಗು."

"ಎದೆ ಮೂವತ್ತಾರು" ಎಂದಳು ಕಾಜಾ, ದನಿ ಒಡೆದು.

ಕತ್ತರಿಯಕ್ಕ ಪುಸ್ತಕ ತೆರೆದು ಪೆನ್ಸಿಲ್ ಹಿಡಿದಳು. ಆಮೇಲೆ ಇಡೀ ಕೋಣೆಗೆ ಕೇಳುವಂತೆ ತಿರುಗಿ ಕೂಗಿದಳು: "ಎದೆ ಮೂವತ್ತಾರು."

"ಸೊಂಟ ಮೂವತ್ತನಾಲ್ಕು."

"ಸೊಂಟ ಮೂವತ್ತನಾಲ್ಕು."

"ತೋಳು ಹತ್ತು."

"ತೋಳು ಹತ್ತು. ಇದನ್ನ ಹನ್ನೊಂದು ಮಾಡ್ಬೇಕಂತೆ. ಸೊಂಟ ಇನ್ನೊಂದು ಸ್ವಲ್ಪ ಇಳಿಬಹುದಂತೆ, ಆದ್ರೆ ನಿಧಾನಕ್ಕೆ. ಪ್ರತಿ ಸೋಮವಾರ ನೀನೇ ಹಿಡಿಬೇಕು, ಗಟ್ಟಿಯಾಗಿ ಕೂಗ್ಬೇಕು. ಒಂದು ಗೆರೆ ಹೆಚ್ಚು ಕಡಿಮೆ ಹೇಳಿದ್ರೆ ಈ ಮೇಜಿನ ಹತ್ರ ಬರಬೇಡ."

"ಆಯ್ತು ಅಕ್ಕ."

"ಈಗ ಕೂತ್ಕೊಂಡು ಐದೂ ಸಾಲು ಬಿಚ್ಚು. ಬ್ಲೇಡಿನಲ್ಲಲ್ಲ, ಸೂಜಿ ಹಿಡಿದು, ಒಂದೊಂದೇ ಹೊಲಿಗೆ."

ಕಾಜಾ ಮಧ್ಯಾಹ್ನದವರೆಗೆ ಬಿಚ್ಚಿದಳು. ಅಷ್ಟರಲ್ಲಿ ಕತ್ತರಿಯಕ್ಕ ಕಂದು ಕಾಗದದಲ್ಲಿ ಹೊಸ ತಟ್ಟೆ ಕತ್ತರಿಸಿದಳು, ಪೂರ್ತಿ ದುಂಡಗೆ. ಊಟದ ಹೊತ್ತಿಗೆ ಕಾಜಾ ತನ್ನ ಡಬ್ಬಿಯ ಬೇಯಿಸಿದ ಮೊಟ್ಟೆಯನ್ನು ಮಾತಿಲ್ಲದೆ ಮಾದರಿಯ ಕಾಲು ಭಾಗದ ಮೇಲಿಟ್ಟಳು. ಕತ್ತರಿಯಕ್ಕ ಅವಳ ಮುಖ ನೋಡಲಿಲ್ಲ. ಮೊಟ್ಟೆ ತಿಂದಳು. ಪಕ್ಕದ ಹಿಡಿ ಅನ್ನವನ್ನೂ ತಿಂದಳು. ಕೋಪ ಹಾಗೆಯೇ ಇತ್ತು; ಬಹಳ ದಿನ ಇರುವಂತೆಯೂ ಕಂಡಿತು.

ಊಟವಾದ ಮೇಲೆ ಕೋಟು ತೊಟ್ಟಳು. ಅದು ಎರಡೂ ಪಕ್ಕದಲ್ಲಿ ಜೋತು, ನಡೆದಾಗ ಮೇಜಿನ ಮೂಲೆಗೆ ಸಿಕ್ಕಿಕೊಂಡಿತು. ಇಸ್ತ್ರಿಯವನು, "ಅಕ್ಕ, ಸ್ವಲ್ಪ ಹಿಡಿಸಿ..." ಎಂದು ಬಾಯಿ ತೆರೆದವನು, ಅವಳು ತಿರುಗಿದ್ದೇ ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದ.

ಅವಳು ಹನ್ನೆರಡು ಪದರ ಹಾಸಿದಳು. ಸ್ವಲ್ಪ ಯೋಚಿಸಿ, ಇನ್ನೊಂದು ಪದರ ಮೇಲೆ ಹಾಸಿ, ಕತ್ತರಿ ಎತ್ತಿಕೊಂಡಳು.