ಉಪ್ಪುನೀರಿನ ಮೀನಿಗೆ ಲಂಘನ

ಸಮುದ್ರದ ಮೀನು ಸಾಕಲು ಸವಣೂರು ಹೇಳಿ ಮಾಡಿಸಿದ ಊರೇನಲ್ಲ. ಸಮುದ್ರ ನೋಡಬೇಕೆಂದರೆ ನಾವು ಘಟ್ಟ ಇಳಿಯಬೇಕು. ಮನೆಯೋ, ತತ್ತಿಯ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಲಿಂಗವಂತರ ಮನೆ. ಆದರೂ ಕಾರವಾರದಲ್ಲಿ ಒಮ್ಮೆ ಕಿತ್ತಳೆ ಮೈಗೆ ಬಿಳಿ ಪಟ್ಟೆ ಎಳೆದಂಥ ಕ್ಲೌನ್ ಮೀನು ನೋಡಿ ಬಂದ ಮೇಲೆ ನನಗೆ ಅದರದೇ ಹುಚ್ಚು ಹಿಡಿಯಿತು. ಗಂಡನ ಬೆನ್ನು ಹತ್ತಿ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಡಿಸಿಯೇ ಬಿಟ್ಟೆ. ಚೀಲದಿಂದ ಉಪ್ಪು ಸುರಿದು ನೀರು ಕದಡುತ್ತಿದ್ದರೆ ಓಣಿಯವರು ಬಾಗಿಲಲ್ಲಿ ಇಣುಕಿ, "ಮೀನಿನ ಉಪ್ಪಿನಕಾಯಿ ಹಾಕಾಕತ್ತೀರೇನ್ರಿ ಅಕ್ಕಾರ?" ಎಂದು ಕಾಡುತ್ತಿದ್ದರು.

ಅತ್ತೆಯದು ಒಂದೇ ಷರತ್ತು. "ಮೀನ ಇಟ್ಕೊ. ಮಾಂಸ ಅನ್ನೋದು ಮಾತ್ರ ಹೊಸ್ತಿಲ ದಾಟಬಾರ್ದು ನೋಡು." ಡಬ್ಬಿಯಲ್ಲಿ ಬರುವ ಮೀನಿನ ಕಾಳಿನಲ್ಲಿ ಏನೇನಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಬ್ಬಳ್ಳಿಯ ಅಂಗಡಿಯಿಂದ ಒಂದು ಜೋಡಿ ಬಂತು. ಅಂದು ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಹೊಸ ಮೀನನ್ನು ನೇರವಾಗಿ ದೊಡ್ಡ ತೊಟ್ಟಿಗೆ ಬಿಡಬಾರದು, ರೋಗ ಇದ್ದರೆ ತೊಟ್ಟಿಗೆಲ್ಲ ಹರಡುತ್ತದೆ ಎಂದು ಅಂಗಡಿಯವನು ಹೇಳಿದ್ದರಿಂದ ಎರಡನ್ನೂ ಪಕ್ಕದ ಟಬ್ಬಿನಲ್ಲಿ ಇರಿಸಿದೆ. ಅದೇ ಒಳ್ಳೆಯದಾಯಿತು. ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದು ಕಾಳನ್ನು ಬಾಯಿಗೆ ಹಾಕಿಕೊಂಡು ಉಗುಳತೊಡಗಿತು. ಹೊಟ್ಟೆ ಒಳಗೆ ಹೋಗಿತ್ತು, ಹಿಂದಿನಿಂದ ಬಿಳಿ ದಾರದಂಥ ಮಲ ಜೋತಾಡುತ್ತಿತ್ತು.

ಹೊಟ್ಟೆ ಕೆಟ್ಟರೆ ನಮ್ಮ ಮನೆಯಲ್ಲಿ ಮೊದಲ ಮದ್ದು ಲಂಘನ. ಮಕ್ಕಳಾಗಲಿ ದೊಡ್ಡವರಾಗಲಿ, ಹೊಟ್ಟೆ ಹಗುರಾಗುವ ತನಕ ಬರೀ ನೀರು. "ಖಾಲಿ ಬಿಡು, ತಾನ ಸುದ್ದ ಆಕ್ಕೈತಿ," ಎಂದರು ಅತ್ತೆ. ನನಗೂ ಸರಿ ಎನಿಸಿತು. ಚಿಕ್ಕಂದಿನಿಂದ ನಾನೂ ಹಾಗೆಯೇ ಗುಣವಾದವಳು. ಕಾಳಿನ ಡಬ್ಬಿ ಎತ್ತಿಟ್ಟೆ. ಮೀನು ಇನ್ನಷ್ಟು ಸೊರಗಿತು. ಫೋಟೋ ಕಳಿಸಿದ ಕೂಡಲೇ ಅಂಗಡಿಯವನ ಫೋನು ಬಂತು.

"ಅಕ್ಕಾರ, ಹೊಟ್ಟ್ಯಾಗ ಹುಳ ಅದಾವ್ರಿ! ನೀವು ಮೀನನ್ನ ಉಪವಾಸ ಕೆಡವೀರಿ, ಹುಳ ಕುಂತು ಅದನ್ನ ತಿನ್ನಾಕತ್ತಾವ. ಔಷಧಿ ಬರೇ ನೀರಿಗೆ ಹಾಕಿದ್ರ ಸಾಲಂಗಿಲ್ಲ, ಹೊಟ್ಟಿಗೆ ಹೋಗಬೇಕು. ಹಸಿ ಸೀಗಡಿಗೆ ಹಚ್ಚಿ ತಿನ್ನಸ್ರಿ. ಜಲ್ದಿ ಮಾಡ್ರಿ, ತಿನ್ನೋದ ಪೂರಾ ಬಿಟ್ಟಿತಂದ್ರ ಮುಗೀತು."

ಔಷಧಿಯ ಪುಡಿ ಮೀನಿನ ಜತೆಗೇ ಬಂದಿತ್ತು. ಇಲ್ಲದ್ದು ಸೀಗಡಿ. ಅತ್ತೆ ಒಪ್ಪಲಿಲ್ಲ. "ಕಡ್ಲಿಹಿಟ್ಟಿನ್ಯಾಗ ಕಲಸಿ ಕೊಡು," ಎಂದರು. ಕೊಟ್ಟೆ. ಮೀನು ತಿರುಗಿಯೂ ನೋಡಲಿಲ್ಲ, ಟಬ್ಬಿನ ನೀರು ಮಜ್ಜಿಗೆಯಾಯಿತು. ಬೈದುಕೊಳ್ಳುತ್ತ ನೀರು ಬದಲಿಸಿದೆ. ಕೊನೆಗೆ ತಾಳ್ಮೆ ತಪ್ಪಿತು. "ಅತ್ತಿ, ತಂದಾಕಿ ನಾನು. ಕಣ್ಣಮುಂದ ಸಾಯೋದನ್ನ ನೋಡ್ಕೊಂತ ಕುಂದ್ರಾಕ ಆಗಂಗಿಲ್ರಿ!"

ಅತ್ತೆ ಬಂದು ಟಬ್ಬಿನ ಮುಂದೆ ಸ್ವಲ್ಪ ಹೊತ್ತು ಕುಳಿತು ಎದ್ದರು. "ಅಡಗಿಮನಿಗೆ ತರಬ್ಯಾಡ. ಹಿತ್ತಲದಾಗ ಏನರ ಮಾಡ್ಕೊ. ನಾ ಆ ಕಡೆ ನೋಡಂಗಿಲ್ಲ."

ಅಷ್ಟು ಸಾಕಿತ್ತು. ಗಂಡನನ್ನು ಬೈಕು ಹತ್ತಿಸಿದೆ. ಸೀಗಡಿ ಸವಣೂರಿನಲ್ಲೂ ಸಿಗುತ್ತಿತ್ತೇನೋ, ಆದರೆ ಇಲ್ಲಿ ಮೀನಿನ ಅಂಗಡಿ ಮುಂದೆ ನಿಂತರೆ ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಹಾಗಾಗಿ ಹಾನಗಲ್ಲಿಗೆ ಹೋದರು. ಘಟ್ಟದ ಕಡೆಯಿಂದ ಬರುವ ಮೀನಿನ ಗಾಡಿಯ ಮುಂದೆ, ತಲೆಯ ಹೆಲ್ಮೆಟ್ಟೂ ತೆಗೆಯದೆ ನಿಂತು ನಾಲ್ಕು ಸೀಗಡಿ ಕೇಳಿದರಂತೆ. "ನಾಕು ಸೀಗಡಿ ಯಾರಿಗ್ರೀ, ಬೆಕ್ಕಿಗೇನು?" ಎಂದಳಂತೆ ಮಾರುವವಳು. "ಅಲ್ರಿ, ಮೀನಿಗೆ," ಎಂದಿದ್ದಾರೆ ನಮ್ಮವರು. ಅವಳು ನಕ್ಕು ನಕ್ಕು, ರೊಕ್ಕ ಬೇಡವೆಂದು ಒಂದು ಹಿಡಿ ಹಾಗೆಯೇ ಕೊಟ್ಟು ಕಳಿಸಿದಳು.

ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಮೂಗಿಗೆ ಸೆರಗು ಬಿಗಿದುಕೊಂಡು ಕುಳಿತೆ. ಸೀಗಡಿಯ ತಲೆ ಯಾವುದು, ಬಾಲ ಯಾವುದು ಎಂಬುದೂ ನನಗೆ ತಿಳಿಯದು. ಅಂತೂ ಸಿಪ್ಪೆ ಸುಲಿದು, ಸಾಸಿವೆಯಷ್ಟು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ ರಸದಲ್ಲಿ ಔಷಧಿಯ ಪುಡಿ ಕಲಸಿ ಅದಕ್ಕೆ ಹಚ್ಚಿದೆ. ಒಂದು ಚೂರನ್ನು ಹಚ್ಚದೆ ಬದಿಗಿಟ್ಟೆ, ಔಷಧಿಯ ವಾಸನೆಗೆ ಮೀನು ಬೇಡ ಎಂದರೆ ರುಚಿ ಹತ್ತಿಸಲು ಇರಲಿ ಎಂದು.

ಟಬ್ಬಿಗೆ ಮೊದಲ ಚೂರು ಬಿಟ್ಟೆ. ಹೆಣ್ಣುಮೀನು ಬಂತು, ಬಾಯಿಗೆ ಹಾಕಿಕೊಂಡಿತು, ಉಗುಳಿತು. ಗಂಡ "ಅಯ್ಯ!" ಎಂದರು. ಮುಳುಗುತ್ತಿದ್ದ ಅದೇ ಚೂರನ್ನು ಮೀನು ತಿರುಗಿ ಬಂದು ಹಿಡಿಯಿತು, ಬಾಯಿ ಆಡಿಸಿತು. ಈ ಸಲ ಹೊರಗೆ ಏನೂ ಬರಲಿಲ್ಲ.

"ನುಂಗ್ತು! ನುಂಗ್ತ್ರೀ!" ಎಂದು ನಾನು ಕೂಗಿದ್ದು ಇಡೀ ಓಣಿಗೆ ಕೇಳಿರಬೇಕು. ಆ ಮೀನು ಬದುಕಿತು. ದಿನವೂ ಔಷಧಿ ತಿಂದು ಮೈ ತುಂಬಿಕೊಂಡು ಈಗ ದೊಡ್ಡ ತೊಟ್ಟಿಯಲ್ಲಿ ತನ್ನ ಗಂಡನನ್ನು ಅಟ್ಟಾಡಿಸುತ್ತಿದೆ. ಆದರೆ ಆ ಸಂಜೆ ನನಗೆ ಇದೊಂದೂ ಗೊತ್ತಿರಲಿಲ್ಲ. ನುಂಗಿತಲ್ಲ ಎಂಬುದಕ್ಕೇ ಕಣ್ಣಲ್ಲಿ ನೀರು ಬಂದಿತ್ತು.

ನನ್ನ ಕೂಗಿಗೆ ಅತ್ತೆ ದೇವರ ಕೋಣೆಯಿಂದ ಎದ್ದು ಬಂದರು. ನೋಡುವುದಿಲ್ಲ ಎಂದವರು ಟಬ್ಬಿನ ಪಕ್ಕ ಮೊಣಕಾಲೂರಿ ಕುಳಿತು, ಒಂದೊಂದು ಚೂರು ಒಳಗೆ ಹೋದಾಗಲೂ "ಹಾಂ, ಹಾಂ," ಎನ್ನತೊಡಗಿದರು. ಹಚ್ಚಿದ್ದೆಲ್ಲ ಖಾಲಿಯಾಯಿತು.

"ಇವತ್ತಿನ ಔಷಧಿ ಮುಗೀತ್ರಿ ಅತ್ತಿ," ಎಂದೆ.

"ಔಷಧಿ ಮುಗೀತು. ಊಟ ಆತೇನು?"

ತಟ್ಟೆಯಲ್ಲಿ ಬದಿಗಿಟ್ಟಿದ್ದ ಆ ಒಂದು ಚೂರು ಉಳಿದಿತ್ತು. ನಾನು ಕೈ ಚಾಚುವುದರೊಳಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು, ಇನ್ನೂ ವಿಭೂತಿ ಅಂಟಿದ್ದ ಬೆರಳುಗಳಿಂದಲೇ ಅದನ್ನು ಎತ್ತಿಕೊಂಡರು. ನಾವಿಬ್ಬರೂ ಮಿಕಿಮಿಕಿ ನೋಡುತ್ತಿದ್ದಂತೆ ಕೈಯನ್ನು ನೀರಿನ ಮೇಲೆ ಹಿಡಿದರು. ಮೀನು ಮೇಲೆ ಬಂತು.

"ತಗೋ ನಮ್ಮವ್ವ," ಎಂದರು, "ಇನ್ನೊಂದು ತುತ್ತು."