ಅಚ್ಚುಕೂಟಕ್ಕೆ ಸೋಪು ಬಂದ ದಿನ

ನಾನು ಚಿಕ್ಕವನಿದ್ದಾಗ, ಮೂರನೇ ಕ್ಲಾಸಿನಲ್ಲಿದ್ದೆನೇನೋ, ಊರಿಗೆಲ್ಲ ಫ್ಲೂ ಜ್ವರ ಬಂತು. ಊರಿಗಷ್ಟೇ ಅಲ್ಲ, ಪ್ರಪಂಚಕ್ಕೇ ಬಂದಿದೆ ಎಂದು ಅಕ್ಕ ಪೇಪರು ಓದಿ ಹೇಳಿದ್ದಳು. ಅವಳು ಆಗ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಳು. ಗವಿಪುರದ ನಮ್ಮ ಬೀದಿಯಲ್ಲಿ ಯಾವ ಮನೆಯ ಮುಂದೆ ಹೋದರೂ ಕೆಮ್ಮಿನ ಸದ್ದು, ಮೆಣಸಿನ ಕಷಾಯದ ಘಾಟು.

ಅಪ್ಪ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಗೋಡೆಗೆ ಹೊಡೆಯುವ ಮೊಳೆಯಲ್ಲ ಮಕ್ಕಳೇ, ಸೀಸದಲ್ಲಿ ಎರಕ ಹೊಯ್ದ ಪುಟ್ಟ ಪುಟ್ಟ ಅಕ್ಷರಗಳು. ಒಂದೊಂದನ್ನೇ ಆರಿಸಿ ಸಾಲು ಕಟ್ಟಬೇಕು. ಆ ಉದ್ದನೆಯ ಕೋಣೆಯೊಳಗೆ ಕಾಲಿಟ್ಟರೆ ಶಾಯಿ, ಸೀಮೆಎಣ್ಣೆ, ಬೆವರು ಎಲ್ಲ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಕಾಗದ ಹಾರುತ್ತದೆಂದು ಕಿಟಕಿ ತೆರೆಯುತ್ತಿರಲಿಲ್ಲ. ನೀರು ಕುಡಿಯಲು ಹತ್ತು ಜನಕ್ಕೂ ಒಂದೇ ಮಡಕೆ, ಒಂದೇ ಹಿತ್ತಾಳೆ ಚೊಂಬು. ಮಧ್ಯಾಹ್ನ ಕೈಯನ್ನು ಪಂಚೆಗೆ ಒರೆಸಿಕೊಂಡು ಮೊಳೆಗಳ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದರು. ಅಲ್ಲಿ ಮೆಷಿನ್ ನಡೆಸುವ ತಾತ ಒಬ್ಬರಿದ್ದರು. ನಾನು ಹೋದಾಗಲೆಲ್ಲ ಗಾಳಿಪಟದ ಬಾಲಕ್ಕೆಂದು ಬಣ್ಣದ ಕಾಗದದ ಚೂರು ಕೊಡುತ್ತಿದ್ದರು.

ಜ್ವರ ಅಚ್ಚುಕೂಟಕ್ಕೆ ನುಗ್ಗಿದ್ದೇ ತಡ, ಒಬ್ಬರ ಹಿಂದೊಬ್ಬರು ಮಲಗಿದರು. ಬಾಗಿಲಿಗೆ ಬೀಗ ಬಿತ್ತು. ಅಪ್ಪ ಎಂಟು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಉಳಿದವರೂ ನಿಧಾನವಾಗಿ ಚೇತರಿಸಿಕೊಂಡರು. ಮೆಷಿನ್ ತಾತ ಮಾತ್ರ ಹೋಗಿಬಿಟ್ಟರು.

ಮತ್ತೆ ಬೀಗ ತೆಗೆದ ದಿನ ಅಪ್ಪನಿಗೆ ಇನ್ನೂ ನಡೆಯಲು ಸುಸ್ತು. ಅಕ್ಕ ಅವರ ಕೈ ಹಿಡಿದು ಹೊರಟಳು. ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಅಪ್ಪ, “ಯಜಮಾನ್ರ ಹತ್ರ ಏನೂ ಮಾತಾಡ್ಬೇಡಮ್ಮ. ನನ್ನ ಕೆಲಸ ಹೋದ್ರೆ ನಿನ್ನ ಓದೂ ನಿಂತುಹೋಗತ್ತೆ” ಎಂದರು. ಅಕ್ಕ ಅವರ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ನಡೆದಳು.

ಒಳಗೆ ಎಲ್ಲ ಹಾಗೇ ಇತ್ತು. ಅದೇ ಮಡಕೆ, ಅದೇ ಚೊಂಬು. ತಾತನ ಮೆಷಿನ್ ಪಕ್ಕ ಮಾತ್ರ ಯಾರೂ ನಿಂತಿರಲಿಲ್ಲ. ಅಕ್ಕ ಸೀದಾ ಯಜಮಾನರ ಮೇಜಿನ ಮುಂದೆ ಹೋಗಿ ನಿಂತಳು.

“ಈ ಕಿಟಕಿ ತೆಗೆಸಿ ಸಾರ್. ಒಬ್ಬೊಬ್ರಿಗೂ ಒಂದೊಂದು ಲೋಟ ಕೊಡಿ. ಕೈ ತೊಳ್ಕೊಳ್ಳೋಕೆ ಸೋಪು ಇಡಿ. ಇಲ್ದಿದ್ರೆ ಜ್ವರ ಮತ್ತೆ ಬರತ್ತೆ.”

“ಮದುವೆ ಕಾಗದಗಳೆಲ್ಲ ಹಾರಿಹೋದ್ರೆ ನೀನು ಹಿಡ್ಕೊಂಡು ಬರ್ತೀಯೇನಮ್ಮ?” ಯಜಮಾನರು ಗದರಿದರು.

“ತರ್ತೀನಿ ಸಾರ್. ತಾತನ್ನ ತರೋಕಾಗಲ್ಲ.”

ಯಜಮಾನರ ಮುಖ ಕೆಂಪಾಯಿತು. ಅಪ್ಪನ ಕೆಲಸ ಹೋಯಿತೆಂದೇ ಎಣಿಸಿ ನಾನು ಅಕ್ಕನ ಸೆರಗು ಹಿಡಿದುಕೊಂಡೆ. ಆಗ ಎಂದೂ ಎದುರಾಡದ ಅಪ್ಪ ಒಂದು ಮರದ ಕೊಡತಿ ತೆಗೆದುಕೊಂಡು ಕಿಟಕಿಯ ತುಕ್ಕು ಹಿಡಿದ ಚಿಲಕಕ್ಕೆ ಹೊಡೆದರು. ಕೈಯಲ್ಲಿ ಶಕ್ತಿಯಿರಲಿಲ್ಲ. ಇನ್ನಿಬ್ಬರು ಎದ್ದು ಬಂದು ಭುಜ ಕೊಟ್ಟರು. ಕಿಟಕಿ ಕಿರ್ರೆಂದು ತೆರೆಯಿತು. ಬಿಸಿಲು, ಗಾಳಿ, ಹೊರಗಿನ ಹೂವಾಡಗಿತ್ತಿಯ ಕೂಗು ಒಟ್ಟಿಗೇ ಒಳಗೆ ಬಂದವು. ಕಾಗದಗಳು ಹಾರಿದವು ನಿಜ. ಅಕ್ಕ ಹೇಳಿದಂತೆಯೇ ಓಡಾಡಿ ಎಲ್ಲವನ್ನೂ ಹೆಕ್ಕಿ ತಂದು ಮೇಲೆ ಭಾರ ಇಟ್ಟಳು. ಯಜಮಾನರು ತಾತನ ಮೆಷಿನ್ ಕಡೆ ನೋಡಿದರು. ಆಮೇಲೆ ತಾವೇ ಎದ್ದು ಹೋಗಿ ಅಂಗಡಿಯಿಂದ ಸೋಪು ತಂದರು.

ಅಂದು ಊಟಕ್ಕೆ ಮುಂಚೆ ಅಪ್ಪ ಅಚ್ಚುಕೂಟದ ಹಿತ್ತಲಿನಲ್ಲಿ ಕೈ ತೊಳೆದರು. ನೊರೆ ಬೂದು ಬಣ್ಣಕ್ಕೆ ತಿರುಗಿತು. ಎರಡನೇ ಸಲವೂ ಹಾಗೇ. ಮೂರನೇ ಸಲಕ್ಕೆ ಬೆಳ್ಳಗಾಯಿತು. “ಅದು ಸೀಸ ಅಪ್ಪ. ಜ್ವರದ ಹಾಗೆ ಒಂದೇ ಸಲ ಮಲಗಿಸಲ್ಲ, ನಿಧಾನವಾಗಿ ಹೊಟ್ಟೆಗೆ ಸೇರ್ಕೊಂಡು ವಿಷ ಆಗತ್ತೆ” ಎಂದಳು ಅಕ್ಕ. ಅಪ್ಪ ಹರಿದುಹೋಗುತ್ತಿದ್ದ ಆ ನೀರನ್ನೇ ನೋಡುತ್ತಾ, “ಇಷ್ಟು ವರ್ಷ ಅನ್ನದ ಜೊತೆ ಇದನ್ನೇ ತಿಂದ್ನಾ?” ಎಂದರು.

ನೀವು ಕೊರೋನಾ ನೋಡಿದವರು. ನಿಮ್ಮಮ್ಮನ ಆಫೀಸಿನ ಬಾಗಿಲಲ್ಲೇ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಇರುತ್ತದೆ. ಅದಕ್ಕಾಗಿ ಅವಳು ಯಾರನ್ನೂ ಕೇಳಬೇಕಾಗಿಲ್ಲ. ಆದರೂ ಮೊನ್ನೆ ನಮ್ಮ ಕಟ್ಟಡದ ನೀರಿನ ತೊಟ್ಟಿ ತೊಳೆಯಲು ಬಂದವರು ಬರಿಗೈಯಲ್ಲಿ ಬ್ಲೀಚಿಂಗ್ ಪುಡಿ ಎತ್ತಿಕೊಂಡಾಗ ನಾವು ದೊಡ್ಡವರೆಲ್ಲ ಸುಮ್ಮನೆ ನೋಡುತ್ತಾ ನಿಂತಿದ್ದೆವು. ನಿಮ್ಮಲ್ಲಿ ಚಿಕ್ಕವಳು ಒಬ್ಬಳೇ ಮುಂದೆ ಹೋಗಿ, “ಅಂಕಲ್, ನಿಮ್ಗೆ ಗ್ಲೌಸ್ ಯಾಕೆ ಕೊಟ್ಟಿಲ್ಲ?” ಎಂದು ಕೇಳಿದಳು.