ಖಂಡೇನವಮಿಯ ಬೊಟ್ಟು

ಮಾರ್ತಾಂಡನಿಗೆ ತನ್ನ ಕೈಯ ಮೇಲೆ ಭಾರಿ ಅಭಿಮಾನ. ಅಭಿಮಾನವೇನು, ಸೊಕ್ಕೇ ಅನ್ನಿ. ಮುಧೋಳದಿಂದ ಮರಾಠಿ ನಾಡಿಗೆ ಬಂದು ಪಿಂಪ್ರಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಆಮೇಲೆ ಶಿವಾಜಿನಗರದಾಚೆಯ ಒಂದು ಸಂಶೋಧನಾಲಯ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಅಲ್ಲಿ ಅವನ ಕೆಲಸ ಸೂಜಿ ಮಾಡುವುದು. ಟಂಗ್‌ಸ್ಟನ್ ತಂತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ, ಕರೆಂಟು ಹರಿಸಿ, ತುದಿಯಲ್ಲಿ ಒಂದೇ ಒಂದು ಪರಮಾಣು ಉಳಿಯುವಷ್ಟು ಸವೆಸಬೇಕು. ಓದಿದವರು ಹತ್ತು ಮಾಡಿದರೆ ಒಂದು ಸರಿ ಬರುತ್ತಿತ್ತು. ಇವನದು ಹತ್ತರಲ್ಲಿ ಎಂಟು.

ಆ ಸೂಜಿ ಬಳಸುತ್ತಿದ್ದವಳು ಹಾಸನದ ಶಾಲಿನಿ. ಗಾಳಿಯೆಲ್ಲ ಹೀರಿ ತೆಗೆದ ಉಕ್ಕಿನ ಡಬ್ಬಿಯೊಳಗೆ, ಚಿನ್ನದ ನುಣುಪು ತುಣುಕಿನ ಮೇಲೆ, ಅಣುಗಳನ್ನು ಒಂದೊಂದಾಗಿ ಸೂಜಿಯಿಂದ ತಳ್ಳಿ ಚಕ್ರ ಕಟ್ಟುತ್ತಿದ್ದಳು. ಆ ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆಂದು ತೋರಿಸಿದರೆ ಅವಳ ಪಿಎಚ್‌ಡಿ ಆದಂತೆ. ಮಾರ್ಚ್ ಕೊನೆಗೆ ಅದಕ್ಕೆ ಕೊಟ್ಟಿದ್ದ ಅವಧಿ ಮುಗಿಯುತ್ತಿತ್ತು. ಮರಾಠಿ ಮಾತಿನ ಆ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಮಧ್ಯಾಹ್ನ ಅವನ ಬುತ್ತಿಯ ರೊಟ್ಟಿಯನ್ನು ಹಂಚಿಕೊಂಡು ಉಣ್ಣುತ್ತಿದ್ದರು.

ಖಂಡೇನವಮಿಯ ಆಯುಧಪೂಜೆಗೆ ಮಾರ್ತಾಂಡ ಪ್ರತಿವರ್ಷ ಡಬ್ಬಿಯ ಗಾಳಿ ಹೀರುವ ಪಂಪಿನ ಹೊರಮೈಗೆ ಕುಂಕುಮ ಹಚ್ಚಿ ಹೂವು ಏರಿಸುತ್ತಿದ್ದ. ಅಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಆ ವರ್ಷ ಮೇಜಿನ ಮೇಲೆ, ಚಿನ್ನದ ತುಣುಕು ಕೂರಿಸುವ ಹೊಸ ಹೋಲ್ಡರ್ ಇತ್ತು. ಹೊಸ ಸಾಮಾನನ್ನು ಬೊಟ್ಟಿಡದೆ ಬಳಸುವುದುಂಟೆ? ಕೈಗವಸು ತೆಗೆದು ಅದರ ಅಂಚಿಗೆ ಒಂದು ಬೊಟ್ಟಿಟ್ಟ, ಕೈ ಮುಗಿದ. ಆಮೇಲೆ ಸ್ಪಿರಿಟ್ ಹಾಕಿ ಒರೆಸಿ, ಕಣ್ಣಿಗೆ ಕೆಂಪು ಕಾಣದಾದ ಮೇಲೆ ಡಬ್ಬಿಯೊಳಗೆ ಸೇರಿಸಿದ. ಬೆರಳಿನ ಜಿಡ್ಡೊಂದೇ ಸಾಕು ಎಲ್ಲ ಕೆಡಲು ಎಂದು ಹೊಸಬರಿಗೆ ಬೈದು ಕಲಿಸುತ್ತಿದ್ದವನೂ ಅವನೇ.

ಮುಂದಿನ ವಾರದಿಂದ ಚಿನ್ನದ ಮೇಲೆ ಕಸ ಕಾಣತೊಡಗಿತು. ಚಕ್ರ ಪೂರ್ತಿಯಾಗುವ ಮೊದಲೇ ಯಾವುದೋ ಹೊಲಸು ಬಂದು ಅಣುಗಳಿಗೆ ಅಂಟುತ್ತಿತ್ತು. ಶಾಲಿನಿ ಪಂಪು ಬಿಚ್ಚಿ ನೋಡಿದಳು. ಒಳಗೆ ಅಂಟಿದ್ದೆಲ್ಲ ಆವಿಯಾಗಿ ಹೋಗಲೆಂದು ಡಬ್ಬಿಯನ್ನು ಮೂರು ಸಲ ದಿನಗಟ್ಟಲೆ ಕಾಯಿಸಿದಳು. ಪ್ರತಿಸಲವೂ ಮೊದಲು ಹೋಲ್ಡರನ್ನು ಹೊರತೆಗೆದು, ಕಾಯಿಸಿದ ಮೇಲೆ ಅದನ್ನೇ ಒಳಗಿಡುತ್ತಿದ್ದಳು. ಅದರೊಡನೆ ಹೊಲಸೂ ಮರಳುತ್ತಿತ್ತು. ಮಾರ್ತಾಂಡ ತೊಳೆದುಕೊಟ್ಟದ್ದು ಎಂಬ ಕಾರಣಕ್ಕೆ ಅದರ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಇದು ತನ್ನ ಬೊಟ್ಟಿನದೇ ಕೆಲಸವೆಂದು ಮಾರ್ತಾಂಡನಿಗೆ ಮಾತ್ರ ಎರಡನೆಯ ಸಲಕ್ಕೇ ಗೊತ್ತಾಗಿತ್ತು.

"ನಾನೇ ಏನೋ ತಪ್ಪು ಮಾಡ್ತಿದೀನಿ ಅಂಕಲ್," ಅಂದಳು ಒಂದು ದಿನ, ರೊಟ್ಟಿ ಮುರಿಯುತ್ತ. "ಗೈಡ್ ಕೂಡ ಅದನ್ನೇ ಹೇಳಿದ್ರು. ನಂಗೆ ಈ ಕೆಲಸ ಆಗಲ್ಲ ಅನ್ಸುತ್ತೆ."

ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. "ಪಲ್ಯಾ ತಗೋ ಯವ್ವಾ," ಅಂದ.

ಮನೆಯಲ್ಲಿ ಹೆಂಡತಿ ಸಾವಂತ್ರವ್ವನ ಮುಂದೆ ಎಲ್ಲ ಬಿಚ್ಚಿಟ್ಟ.

"ಆ ಹುಡುಗಿಗೆ ಹೇಳ್ರಿ. ಹೇಳಿದ್ರ ಆಕಾಶ ಕಳಚಿ ಬೀಳ್ತದೇನು?"

"ಇಪ್ಪತ್ತೆರಡು ವರ್ಷದ ಹೆಸರು ಹೋಗ್ತದ."

"ಆಕೀದು ಏನ್ ಹೊಂಟದ ಅನ್ನೂದು ನೋಡ್ರಿ."

ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಗಾದೆಯಲ್ಲಿ ಹಾಳಾಗುವುದು ಅಂದವನ ಮನೆ. ಇಲ್ಲಿ ಹಾಳಾಗುತ್ತಿದ್ದದ್ದು ಬೇರೆಯವಳದು. ಅದು ಅವನಿಗೆ ಗೊತ್ತಿತ್ತು, ಸಂಕಟವೂ ಆಗುತ್ತಿತ್ತು. ಆದರೂ ಡಿಸೆಂಬರ್ ಹೋಯಿತು, ಸಂಕ್ರಾಂತಿ ಹೋಯಿತು, ಶಿವರಾತ್ರಿಯೂ ಹೋಯಿತು.

ಮಾರ್ಚ್ ಮುಗಿಯಿತು. ಅವಧಿ ವಿಸ್ತರಿಸಲು ಮೇಲಿನವರು ಒಪ್ಪಲಿಲ್ಲ. ಶಾಲಿನಿ ಪಿಎಚ್‌ಡಿ ಬಿಟ್ಟು ಮಗರಪಟ್ಟಾದ ಒಂದು ಆಫೀಸಿನಲ್ಲಿ ಕೆಲಸ ಹಿಡಿದಳು. ಕೊನೆಯ ದಿನ ಅವಳು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದಾಗ ಮಾರ್ತಾಂಡ ಎದುರು ನಿಂತು, ಕುಂಕುಮದ ಸಂಗತಿಯನ್ನೆಲ್ಲ ಹೇಳಿದ.

ಅವಳು ಸಿಟ್ಟಾಗಲಿಲ್ಲ. ಎದ್ದು ಕಪಾಟಿನ ಬಾಗಿಲು ತೆಗೆದಳು. ಅಲ್ಲಿ ಅದೇ ನಮೂನೆಯ ಇನ್ನೂ ನಾಲ್ಕು ಹೋಲ್ಡರ್‌ಗಳು ಪೊಟ್ಟಣ ಒಡೆಯದೆ ಇದ್ದವು.

"ಒಂದನ್ನ ಬದಲಾಯಿಸಿದ್ರೆ ಸಾಕಿತ್ತು ಅಂಕಲ್. ಡಬ್ಬಿ ಕಾಯಿಸೋದೂ ಸೇರಿ ಹತ್ತು ದಿನದ ಕೆಲಸ," ಅಂದಳು. "ನಾನು ಯಾರಿಗೂ ಹೇಳ್ತಾನೂ ಇರ್ಲಿಲ್ಲ."

ಮಾರ್ತಾಂಡನಿಗೆ ಅಳು ಬಂತು. ಅವಳು ನೋಡಲಿಲ್ಲ, ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದಳು.